ಕೋಟಿ ಡಾಲರ್ ಕೋಚ್ ಮತ್ತು ನಮ್ಮ ಪಿ.ಟಿ. ಸರ್

ಪ್ರಶ್ನೆ: ಬಿ.ಪಿ.ಎಡ್. ಮುಗಿಸಿ ಕಲಬುರಗಿಯ ಒಂದು ಕಾಲೇಜಿನಲ್ಲಿ ಗೆಸ್ಟ್ ಆಗಿ ಪಿ.ಟಿ. ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆ ಹೋಗಿ ಸುಣ್ಣದ ಪುಡಿ ಹಾಕಿ ಗೆರೆ ಎಳೆಯುವುದರಿಂದ ಹಿಡಿದು ಕಬಡ್ಡಿ ಟೀಮ್ ಕಟ್ಟುವವರೆಗೆ ಎಲ್ಲ ನಾನೇ. ಅಮೆರಿಕದಲ್ಲಿ ಓದುತ್ತಿರುವ ಸೋದರಮಾವನ ಮಗ ಫೋನ್ ಮಾಡಿ, ಅಲಬಾಮಾದಲ್ಲಿ ಒಬ್ಬ ಕಾಲೇಜು ಕೋಚ್‌ಗೆ ವರ್ಷಕ್ಕೆ ಕೋಟಿ ಡಾಲರ್ ಕೊಡ್ತಿದ್ರು, ಬದುಕಿರುವಾಗಲೇ ಮೂರ್ತಿನೂ ನಿಲ್ಲಿಸಿದ್ದಾರೆ ಅಂದ. ನಿಜಾನಾ? ಅವರು ಅಲ್ಲಿಗೆ ಹೇಗೆ ಮುಟ್ಟಿದರು?
– ಒಬ್ಬ ಓದುಗ, ಕಲಬುರಗಿ

ಉತ್ತರ: ನಿಜ. ಅವರ ಹೆಸರು ನಿಕ್ ಸೇಬನ್, ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಟೀಮಿನ ಕೋಚ್ ಆಗಿದ್ದವರು. ಕೊನೆಕೊನೆಗೆ ಸಂಬಳ ಕೋಟಿ ಡಾಲರ್ ದಾಟಿತ್ತು, ಮೂರ್ತಿ 2011ರಲ್ಲೇ ನಿಂತಿತು. ಆದರೆ ಆ ದುಡ್ಡು ಕಾಲೇಜು ಫೀಸಿನದು ಅಂದುಕೊಳ್ಳಬೇಡಿ, ಅವರ ಸ್ಟೇಡಿಯಂನಲ್ಲಿ ಸುಮಾರು ಒಂದು ಲಕ್ಷ ಜನ ಕೂರುತ್ತಾರೆ, ಅದರ ಮೇಲೆ ಟಿವಿ ಹಕ್ಕು, ಹಳೇ ವಿದ್ಯಾರ್ಥಿಗಳ ದೇಣಿಗೆ. ಆಡುವ ಹುಡುಗರಿಗೆ ಮಾತ್ರ 2021ರವರೆಗೆ ತಮ್ಮ ಹೆಸರಿನ ಮೇಲೆ ಜಾಹೀರಾತಿನಿಂದ ನಾಲ್ಕು ಕಾಸು ದುಡಿಯಲೂ ಬಿಟ್ಟಿರಲಿಲ್ಲ. ನನಗಂತೂ ಇದು ಸರಿ ಕಾಣುವುದಿಲ್ಲ.

ಅಂದ ಹಾಗೆ, ಅದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಂಥ ಚೆಂಡು, ಬಹುತೇಕ ಕೈಯಲ್ಲೇ ಆಟ. ನಾಲ್ಕು ಸಲದೊಳಗೆ 10 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿ ಬಲ್ಲ ನಿಮಗೆ ಈ ಜಾಗಕ್ಕಾಗಿ ಗುದ್ದಾಡುವುದನ್ನು ಬಿಡಿಸಿ ಹೇಳಬೇಕಿಲ್ಲ.

ಸೇಬನ್ ಹುಟ್ಟಿದ್ದು 1951ರಲ್ಲಿ, ವೆಸ್ಟ್ ವರ್ಜೀನಿಯಾದಲ್ಲಿ. ಅಪ್ಪನದು ಪೆಟ್ರೋಲ್ ಬಂಕ್. ಹುಡುಗ ಅಲ್ಲೇ ಕಾರು ತೊಳೆಯುತ್ತಿದ್ದ. ಎಲ್ಲಾದರೂ ಒಂದು ಗೀರು ನೀರಿನ ಕಲೆ ಉಳಿದರೆ ಅಪ್ಪ ಇಡೀ ಕಾರನ್ನು ಮತ್ತೆ ತೊಳೆಸುತ್ತಿದ್ದರಂತೆ. ಕಪ್ಪು ಮತ್ತು ಕಡುನೀಲಿ ಕಾರು ಬಂದರೆ ಅವನಿಗೆ ಎದೆ ಧಸಕ್ ಅನ್ನುತ್ತಿತ್ತು, ಯಾಕಂದ್ರೆ ಕಲೆ ಕಾಣುವುದು ಅವುಗಳ ಮೇಲೇ ಜಾಸ್ತಿ!

ಕೋಚ್ ಆಗುವ ಯೋಚನೆ ಇರಲೇ ಇಲ್ಲ. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮುಗಿದಾಗ ಹೆಂಡತಿಯ ಓದು ಇನ್ನೂ ಒಂದು ವರ್ಷ ಬಾಕಿ ಇತ್ತು. ಅವರಿಗಾಗಿ ಊರಲ್ಲೇ ಉಳಿದರು, ಅಲ್ಲಿಯ ಕೋಚ್ ಕರೆದರು ಅಂತ 1973ರಲ್ಲಿ ಸುಮ್ನೆ ಸಹಾಯಕನಾಗಿ ಸೇರಿಕೊಂಡರು. ಅಲ್ಲಿಂದ ಸಿರಾಕ್ಯೂಸ್, ವೆಸ್ಟ್ ವರ್ಜೀನಿಯಾ, ಒಹಾಯೋ ಸ್ಟೇಟ್, ನೇವಿ, ಮಿಶಿಗನ್ ಸ್ಟೇಟ್, ಹ್ಯೂಸ್ಟನ್... ಹೀಗೆ ಒಂದು ಟೀಮಿನಿಂದ ಇನ್ನೊಂದಕ್ಕೆ ಗಂಟುಮೂಟೆ ಕಟ್ಟುವುದೇ ಕೆಲಸ. ಟೊಲೀಡೋದಲ್ಲಿ ಮುಖ್ಯ ಕೋಚ್ ಆಗುವಷ್ಟರಲ್ಲಿ 1990 ಬಂದಿತ್ತು.

2003ರ ಸೀಸನ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಟೀಮನ್ನು ಚಾಂಪಿಯನ್ ಮಾಡಿ, ವೃತ್ತಿಪರ ಲೀಗಿನ ಮಯಾಮಿ ಟೀಮಿಗೆ ಹೋದರು. ಎರಡು ಸೀಸನ್, 15 ಗೆಲುವು, 17 ಸೋಲು. ವಾಪಸ್ ಕಾಲೇಜಿಗೇ ಬಂದರು. ಅಲಬಾಮಾದಲ್ಲಿ 2007ರಿಂದ 17 ಸೀಸನ್, ಆರು ಚಾಂಪಿಯನ್‌ಶಿಪ್. 2018ರ ಜನವರಿಯ ಫೈನಲ್‌ನಲ್ಲಿ ಅರ್ಧ ಆಟಕ್ಕೆ 13-0 ಹಿಂದಿದ್ದರು. ಸೀಸನ್ ಪೂರ್ತಿ ಆಡಿಸಿದ್ದ ಕ್ವಾರ್ಟರ್‌ಬ್ಯಾಕನ್ನು, ಅಂದರೆ ಚೆಂಡು ಎಸೆದು ಆಟ ನಡೆಸುವವನನ್ನು, ಕೂರಿಸಿ, ಮೊದಲ ವರ್ಷದ ಹುಡುಗ ಟುವಾನನ್ನು ಇಳಿಸಿದರು. 26-23ರಿಂದ ಗೆದ್ದರು. ಸೋತಿದ್ದರೆ ಊರೆಲ್ಲ ಉಗಿಯುತ್ತಿತ್ತು, ಅಲ್ವಾ? 2024ರ ಜನವರಿಯಲ್ಲಿ ನಿವೃತ್ತಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಗೆಸ್ಟ್ ಕೆಲಸವೊಂದನ್ನೇ ನಂಬಿ ಕೂರಬೇಡಿ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾಗೆ ಅರ್ಜಿ ಹಾಕಿ ನೋಡಿ. ಬಿಸಿಲು ಏರುವ ಮುಂಚೆ ಗೆರೆ ಎಳೆಯಲು ಇಬ್ಬರು ಹುಡುಗರಿಗೂ ಕಲಿಸಿಬಿಡಿ, ಅಷ್ಟು ಹೊತ್ತು ನೀವು ಆಟ ನೋಡಬಹುದು.