ಮಕ್ಕಳ ಅಳು ತಾಕುತ್ತಿಲ್ಲ ಎಂದು ಬರೆದ ಶಿಕ್ಷಕಿಗೆ

ಆತ್ಮೀಯ ಓದುಗರೇ,

ಹೆಸರು ಬೇಡ ಎಂದಿದ್ದೀರಿ, ಹಾಗೆಯೇ ಆಗಲಿ. ಗುರುತು ಹತ್ತುವಂಥ ವಿವರಗಳನ್ನೂ ಕೈಬಿಟ್ಟಿದ್ದೇನೆ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು: ಹನ್ನೊಂದು ವರ್ಷಗಳಿಂದ ಶಾಲೆಯಲ್ಲಿ ಪಾಠ ಮಾಡುತ್ತಿದ್ದೀರಿ. ಈಗೀಗ ಭಾನುವಾರ ಮಧ್ಯಾಹ್ನವಾದರೆ ಸಾಕು, ಹೊಟ್ಟೆಯಲ್ಲಿ ಸಂಕಟ ಶುರು. ರಾತ್ರಿ ಎಷ್ಟು ಮಲಗಿದರೂ ಬೆಳಿಗ್ಗೆ ಮೈ ಏಳುವುದಿಲ್ಲ. ಪರೀಕ್ಷೆಯ ಕೆಲಸ, ಗೈರಾದವರ ಪೀರಿಯಡ್, ದಾಖಲೆ ಅಪ್‌ಲೋಡ್ ಮಾಡುವುದು ಎಲ್ಲವೂ ‘ಅವರು ಚೆನ್ನಾಗಿ ಮಾಡ್ತಾರೆ’ ಎಂಬ ಮಾತಿನ ಜೊತೆ ನಿಮ್ಮ ಮೇಜಿಗೇ ಬರುತ್ತವೆ. ಕಳೆದ ತಿಂಗಳು ತರಗತಿಯಲ್ಲಿ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ‘ಇನ್ನು ಐದು ನಿಮಿಷಕ್ಕೆ ಬೆಲ್ ಆಗುತ್ತೆ, ಆಮೇಲೆ ಯಾರಾದರೂ ನೋಡಿಕೊಳ್ಳಲಿ’ ಅಂದುಕೊಂಡು ಬೋರ್ಡಿನ ಕಡೆ ತಿರುಗಿದಿರಿ. ಹತ್ತು ದಿನ ರಜೆ ಹಾಕಿದಿರಿ; ಮರಳಿದ ಮೊದಲ ವಾರದಲ್ಲೇ ಎಲ್ಲ ಹಿಂದಿನಂತಾಯಿತು. ‘ಸುಸ್ತು ಯಾರಿಗಿಲ್ಲ?’ ಎನ್ನುತ್ತಾರೆ ನಿಮ್ಮ ಯಜಮಾನರು. ನಾನು ಸೋಮಾರಿಯಾದೆನೇ, ಇದೇನಾ ಬರ್ನ್‌ಔಟ್ (ಕೆಲಸದ ಒತ್ತಡದಿಂದ ಒಳಗೇ ಬತ್ತಿಹೋಗುವ ಸ್ಥಿತಿ) ಅಂದರೆ, ಕೆಲಸ ಬಿಡಲೇ ಎಂದು ಕೇಳಿದ್ದೀರಿ.

ಸೋಮಾರಿಯಂತೂ ಅಲ್ಲ. ಸೋಮಾರಿಗೆ ಆ ಹುಡುಗಿಯ ಅಳು ಒಂದು ತಿಂಗಳಾದರೂ ನೆನಪಿರುತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಐದು ನಿಮಿಷದ ಭಾಗವನ್ನೇ. ಸುಸ್ತಾಗಿದೆ ಎಂದು ಹೇಳಿಕೊಳ್ಳಲು ಯಾರಿಗೂ ಸಂಕೋಚವಿಲ್ಲ. ದುಡಿಯುವವರು ಎಂಬ ಹೆಮ್ಮೆಯೂ ಅದರಲ್ಲಿ ಒಂದಿಷ್ಟು ಇರುತ್ತದೆ. ‘ನನಗೆ ಮಕ್ಕಳ ಬಗ್ಗೆ ಏನೂ ಅನ್ನಿಸುತ್ತಿಲ್ಲ’ ಎಂದು ಒಬ್ಬ ಶಿಕ್ಷಕಿ ಬರೆಯುವುದು ಬೇರೆ ಮಾತು. ಅದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದು ಊಹಿಸಬಲ್ಲೆ. ಆ ಭಾವಶೂನ್ಯತೆ ನಿಮ್ಮ ಸ್ವಭಾವ ಕೆಟ್ಟಿದ್ದರ ಗುರುತಲ್ಲ. ಬರ್ನ್‌ಔಟ್ ಅಧ್ಯಯನ ಮಾಡಿದವರಿಗೆ ಬಹಳ ಪರಿಚಿತವಾದ ಲಕ್ಷಣ ಅದು.

ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ 1970ರ ದಶಕದಲ್ಲಿ ವೈದ್ಯರು, ದಾದಿಯರು, ಸಮಾಜಸೇವಕರು ಮುಂತಾಗಿ ದಿನವಿಡೀ ಜನರ ಕಷ್ಟದ ಜೊತೆಗೇ ಇರುವವರನ್ನು ಮಾತನಾಡಿಸುತ್ತ ಹೋದರು. ಅಷ್ಟೊಂದು ನೋವನ್ನು ಇವರು ಹೇಗೆ ತಾಳಿಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಮಾತುಕತೆಗಳಿಂದ ಮೂರು ಎಳೆಗಳು ಹೊರಬಂದವು. ಒಂದು, ಒಳಗಿನದೆಲ್ಲ ಬತ್ತಿಹೋದಂಥ ದಣಿವು. ಎರಡು, ಎದುರಿಗಿರುವ ಮನುಷ್ಯನನ್ನು ಮನುಷ್ಯನೆಂದು ಕಾಣದೆ ಮುಗಿಸಬೇಕಾದ ಕೆಲಸವೆಂದು ಕಾಣುವುದು. ಮೂರು, ನಾನು ಮಾಡುವುದರಿಂದ ಯಾರಿಗೂ ಏನೂ ಆಗುತ್ತಿಲ್ಲ ಎಂಬ ಭಾವನೆ. ಸೂಸನ್ ಜ್ಯಾಕ್ಸನ್ ಜೊತೆ ಸೇರಿ 1981ರಲ್ಲಿ ಅವರು ಪ್ರಕಟಿಸಿದ ಪ್ರಶ್ನಾವಳಿ ಈ ಮೂರನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಬರೀ ದಣಿವಿದ್ದರೆ ಅದು ಅತಿಯಾದ ಕೆಲಸ. ಮೂರೂ ಹೆಣೆದುಕೊಂಡಾಗ ಬರ್ನ್‌ಔಟ್.

ಎರಡನೆಯ ಎಳೆ ಒಂದು ರಕ್ಷಣೆ. ಕೊಡಲು ಏನೂ ಉಳಿಯದಾಗ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. ಆ ದಿನ ನೀವು ಬೋರ್ಡಿನ ಕಡೆ ತಿರುಗಿದ್ದು ಹಾಗೆ. ಅದು ಸರಿ ಎನ್ನುತ್ತಿಲ್ಲ. ಅಳುತ್ತಿದ್ದ ಮಗುವಿಗೆ ಅದರಿಂದ ನೋವಾಗಿರಬಹುದು, ಅವಳನ್ನು ಕರೆದು ಒಂದು ಮಾತು ಕೇಳಲು ಈಗಲೂ ತಡವಾಗಿಲ್ಲ. ಆದರೆ ನಿಮ್ಮನ್ನು ನೀವು ಕೆಟ್ಟವಳೆಂದು ಕರೆದುಕೊಂಡರೆ ಬಾಗಿಲು ಇನ್ನಷ್ಟು ಬಿಗಿಯಾಗುತ್ತದೆ ಅಷ್ಟೆ.

ಇನ್ನೊಂದು ವಿಷಯ. ಈ ಸ್ಥಿತಿಯ ಬಗ್ಗೆ 1974ರಲ್ಲಿ ಮೊದಲು ವಿವರವಾಗಿ ಬರೆದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಅವರು ಗಮನಿಸಿದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದ ಸ್ವಯಂಸೇವಕರನ್ನು. ಬಲವಂತಕ್ಕೆ ಬಂದವರಲ್ಲ, ಆ ಕೆಲಸವನ್ನು ನಂಬಿ ತಾವಾಗಿ ಬಂದವರು. ಕುಸಿದವರು ಅವರೇ. ನಿಮ್ಮಂಥವರ ಪತ್ರ ಬಂದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಆದರೂ ಇದು ಬರ್ನ್‌ಔಟೇ ಎಂದು ಪತ್ರ ಓದಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಈ ವಾರವೇ ವೈದ್ಯರ ಬಳಿ ಹೋಗಿ. ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ, ಸಕ್ಕರೆ ಕಾಯಿಲೆ ಇವೆಲ್ಲ ಇದೇ ರೀತಿಯ ದಣಿವು ತರುತ್ತವೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಜೋರಾಗಿ ಗೊರಕೆ ಹೊಡೆಯುತ್ತೀರಿ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆ ಎಂದು ಮನೆಯವರು ಹೇಳಿದ್ದರೆ ಅದನ್ನೂ ತಿಳಿಸಿ. ಖಿನ್ನತೆಯ ಬಗ್ಗೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದರ ಮತ್ತು ಬರ್ನ್‌ಔಟಿನ ಲಕ್ಷಣಗಳು ಒಂದರೊಳಗೊಂದು ಸೇರಿಹೋಗುತ್ತವೆ. ಸಾಮಾನ್ಯವಾಗಿ ಬರ್ನ್‌ಔಟ್ ಕೆಲಸದ ಸುತ್ತ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಖಿನ್ನತೆ ಎಲ್ಲ ಕಡೆಗೂ ಹಬ್ಬುತ್ತದೆ: ಹಾಡು, ಊಟ, ಸ್ನೇಹಿತರು, ಮನೆಯ ಮಕ್ಕಳು, ಯಾವುದೂ ಬೇಡವಾಗುತ್ತದೆ. ರಜೆಯಲ್ಲಿ ತಂಗಿಯ ಜೊತೆ ನಕ್ಕಿದ್ದನ್ನು ಬರೆದಿದ್ದೀರಿ, ಅದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಬರ್ನ್‌ಔಟ್ ಇದ್ದವರಿಗೆ ಖಿನ್ನತೆಯೂ ಬರಬಹುದು. ಬದುಕುವುದೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದಿದ್ದರೂ ವಾರ ಕಾಯಬೇಡಿ. ಇವತ್ತೇ ಹತ್ತಿರದವರಿಗೆ ಹೇಳಿ, ಇವತ್ತೇ ವೈದ್ಯರನ್ನು ಕಾಣಿ.

ಯಜಮಾನರಿಗೆ ತೋರಿಸಬೇಕಾದ ಸಂಗತಿಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಬರ್ನ್‌ಔಟ್ ಕಾಯಿಲೆಗಳ ಪಟ್ಟಿಯಲ್ಲಿಲ್ಲ. ವೃತ್ತಿಗೆ ಸಂಬಂಧಿಸಿದ ವಿದ್ಯಮಾನ ಎಂದು ಬೇರೆಯಾಗಿ ಸೇರಿದೆ. ಕೆಲಸದ ಜಾಗದಲ್ಲಿ ಬಹುಕಾಲ ಮುಂದುವರಿದ, ಸರಿಯಾಗಿ ನಿಭಾಯಿಸದೇ ಬಿಟ್ಟ ಒತ್ತಡದಿಂದ ಹುಟ್ಟುವಂಥದು ಎಂಬುದು ಅಲ್ಲಿನ ವಿವರಣೆ. 2019ರಲ್ಲಿ ಈ ಸುದ್ದಿ ಹೊರಬಿದ್ದಾಗ ಹಲವು ಪತ್ರಿಕೆಗಳು ‘ಬರ್ನ್‌ಔಟ್ ಈಗ ಕಾಯಿಲೆ’ ಎಂದು ಬರೆದವು, ಸಂಸ್ಥೆಯೇ ಅಲ್ಲವೆಂದು ಸ್ಪಷ್ಟನೆ ಕೊಡಬೇಕಾಯಿತು. ನನ್ನ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಕಾಯಿಲೆ ಎಂದರೆ ದೋಷ ನಿಮ್ಮ ದೇಹದಲ್ಲಿದೆ ಎಂದಾಯಿತು, ಮಾತ್ರೆ ನುಂಗಿ ಮರಳಿ ಅದೇ ಮೇಜಿಗೆ ಹೋಗಿ ಕೂರಬೇಕು. ಕೆಲಸದ ರೀತಿಯಲ್ಲೇ ದೋಷವಿದ್ದರೆ ಬದಲಾಗಬೇಕಾದ್ದು ಆ ಮೇಜು.

ರಜೆ ಏಕೆ ಉಪಯೋಗಕ್ಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಮಿನಾ ವೆಸ್ಟ್‌ಮನ್ ಮತ್ತು ಡೋವ್ ಈಡನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಜೆಯ ಹೊತ್ತಿಗೆ ನೌಕರರ ಬರ್ನ್‌ಔಟ್ ಇಳಿದದ್ದು ನಿಜ. ಕೆಲಸಕ್ಕೆ ಮರಳಿದ ಮೂರು ದಿನಕ್ಕೆ ಒಂದಿಷ್ಟು ಹಿಂತಿರುಗಿತ್ತು, ಮೂರು ವಾರಕ್ಕೆ ಪೂರ್ತಿ ಹಿಂದಿನ ಮಟ್ಟಕ್ಕೆ ಬಂದಿತ್ತು. ತೂತು ಮುಚ್ಚದೆ ಕೊಡ ತುಂಬಿಸಿದಂತೆ. ಜೊತೆಗೆ ನಿಮ್ಮದು ರಜೆಯೇ ಆಗಿರಲಿಲ್ಲ. ಉತ್ತರಪತ್ರಿಕೆ ತಿದ್ದಿದಿರಿ, ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಉತ್ತರ ಕೊಡುತ್ತಲೇ ಇದ್ದಿರಿ. ಸಬೀನೆ ಸೊನೆಂಟಾಗ್ ಎಂಬ ಜರ್ಮನ್ ಮನೋವಿಜ್ಞಾನಿ ವರ್ಷಗಟ್ಟಲೆ ನಡೆಸಿದ ಕೆಲಸದ ತಿರುಳು ಇದು: ಕಚೇರಿಯಿಂದ ಕಾಲು ಹೊರಗಿಟ್ಟರೆ ಸಾಲದು, ತಲೆಯೂ ಹೊರಬರಬೇಕು. ಸಂಜೆಯ ಒಂದು ಗಂಟೆ ಪೂರ್ತಿ ಬಿಡುಗಡೆ ಸಿಕ್ಕರೆ, ಅರೆಮನಸ್ಸಿನ ಹತ್ತು ದಿನಕ್ಕಿಂತ ಅದು ಮೇಲು ಎಂದು ನಾನು ನಂಬುತ್ತೇನೆ.

ಅದಕ್ಕಾಗಿ ಶಾಲೆ ಬಿಡುವ ಮುಂಚೆ ನಾಳೆಯ ಕೆಲಸಗಳನ್ನು ಕಾಗದದ ಮೇಲೆ ಬರೆದಿಟ್ಟು ಎದ್ದುಬನ್ನಿ. ಬೇಲರ್ ವಿಶ್ವವಿದ್ಯಾಲಯದ ನಿದ್ದೆ ಪ್ರಯೋಗಾಲಯದಿಂದ 2018ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದಿನ ದಿನಗಳ ಕೆಲಸದ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆಗೆ ಜಾರಿದರು. ಕಾಗದದ ಮೇಲಿರುವುದನ್ನು ತಲೆ ಹೊರಬೇಕಿಲ್ಲ. ಶಾಲೆಯ ಗುಂಪನ್ನು ರಾತ್ರಿಯ ಹೊತ್ತು ಮ್ಯೂಟ್ ಮಾಡಿ. ನಡಿಗೆ, ಹೊತ್ತಿಗೆ ಸರಿಯಾಗಿ ಮಲಗುವುದು ನಿಮಗೆ ಗೊತ್ತಿರುವ ಮಾತುಗಳೇ, ಹೆಚ್ಚು ಹೇಳುವುದಿಲ್ಲ.

ಈಗ ಮುಖ್ಯ ವಿಚಾರಕ್ಕೆ ಬರುತ್ತೇನೆ. ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ 1990ರ ದಶಕದಲ್ಲಿ ಕೆಲಸ ಮತ್ತು ಮನುಷ್ಯ ಎಲ್ಲೆಲ್ಲಿ ಹೊಂದದೇ ಹೋಗುತ್ತಾರೆ ಎಂದು ಆರು ಜಾಗ ಗುರುತಿಸಿದರು: ಹೊರೆ, ಹಿಡಿತ, ಸಿಗುವ ಮನ್ನಣೆ, ಜೊತೆಗಾರರು, ನ್ಯಾಯ, ಮೌಲ್ಯಗಳು. ಎಲ್ಲರೂ ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಬೇರೆ. ಪಾಠ ಮಾಡಿ ಸುಸ್ತಾಯಿತು ಎಂದು ನೀವು ಎಲ್ಲೂ ಬರೆದಿಲ್ಲ. ಹಳೆಗನ್ನಡ ಪದ್ಯ ಪಾಠ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಎಂದು ಒಂದು ಕಡೆ ಬರೆದಿದ್ದೀರಿ. ನಿಮ್ಮನ್ನು ತಿನ್ನುತ್ತಿರುವುದು ನ್ಯಾಯ ಮತ್ತು ಹಿಡಿತ. ಚೆನ್ನಾಗಿ ಮಾಡಿದವರಿಗೆ ಬಹುಮಾನವಾಗಿ ಇನ್ನಷ್ಟು ಕೆಲಸ, ತಪ್ಪಿಸಿಕೊಳ್ಳುವವರಿಗೆ ಬಿಡುವು. ಯಾವ ಪೀರಿಯಡ್ ಯಾವಾಗ ತಲೆಗೆ ಬೀಳುತ್ತದೋ ಬೆಳಿಗ್ಗೆ ಬೋರ್ಡ್ ನೋಡುವವರೆಗೆ ಗೊತ್ತಿಲ್ಲ. ಇಂಥ ಕಡೆ ಕೆಲಸದ ಗಂಟೆ ಕಡಿಮೆಯಾದರೂ ಮನಸ್ಸು ಚೇತರಿಸಿಕೊಳ್ಳದು, ಏಕೆಂದರೆ ಕೊರೆಯುತ್ತಿರುವುದು ಗಂಟೆಗಳ ಲೆಕ್ಕವಲ್ಲ, ಅನ್ಯಾಯ.

ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನದ ಕೊನೆಗೆ ಎರಡೇ ಸಾಲು: ಇವತ್ತು ನನ್ನನ್ನು ಹೆಚ್ಚು ಹಿಂಡಿದ್ದು ಯಾವುದು, ಸ್ವಲ್ಪವಾದರೂ ಜೀವ ಬಂದದ್ದು ಯಾವುದರಿಂದ. ಹಿಂಡಿದ ಪಟ್ಟಿಯಲ್ಲಿ ಯಾವುದು ಪದೇ ಪದೇ ಬರುತ್ತದೋ ಅದೊಂದನ್ನೇ ಹಿಡಿದು ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ. ಹತ್ತು ದೂರು ಒಟ್ಟಿಗೆ ಒಯ್ದರೆ ಅವರಿಗೆ ಅದು ಸಿಟ್ಟಾಗಿ ಕೇಳಿಸುತ್ತದೆ. ಒಂದು ಕೋರಿಕೆಗೆ ಅವರು ಹೌದು ಅಥವಾ ಇಲ್ಲ ಎನ್ನಲೇಬೇಕು. ‘ಮೇಡಂ, ಗೈರಾದವರ ಪೀರಿಯಡ್‌ಗಳನ್ನು ಸರದಿ ಪ್ರಕಾರ ಹಂಚಿ, ಸರದಿ ಪಟ್ಟಿಯನ್ನು ಸ್ಟಾಫ್ ರೂಮಿನಲ್ಲಿ ಹಾಕೋಣ. ನಾನು ನನ್ನ ಸರದಿ ತಪ್ಪಿಸುವುದಿಲ್ಲ’ ಎಂದು ಹೇಳಿ. ಸಾಧ್ಯವಾದರೆ ಇದೇ ಕಷ್ಟದಲ್ಲಿರುವ ಇನ್ನೊಬ್ಬ ಶಿಕ್ಷಕರನ್ನೂ ಕರೆದುಕೊಂಡು ಹೋಗಿ. ಒಬ್ಬರು ಹೇಳಿದರೆ ಅವರ ಸಮಸ್ಯೆ ಎನ್ನಿಸಿಕೊಳ್ಳುತ್ತದೆ. ಇಬ್ಬರು ಹೇಳಿದರೆ ಅದು ಶಾಲೆಯ ಸಮಸ್ಯೆ.

ಶಾಲೆಯಲ್ಲಿ ಒತ್ತಡ ನಿವಾರಣೆಯ ಧ್ಯಾನ ಶಿಬಿರ ಮಾಡಿಸಿದರು, ಏನೂ ಆಗಲಿಲ್ಲ ಎಂದಿದ್ದೀರಿ. ಧ್ಯಾನವನ್ನು ಹಗುರವಾಗಿ ಕಾಣಬೇಡಿ, ಅದರಿಂದ ಹಲವರಿಗೆ ಒಂದಿಷ್ಟು ಉಪಕಾರವಾಗುತ್ತದೆ. ಆದರೆ ವೈದ್ಯರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ವ್ಯಕ್ತಿಗೆ ಕೊಟ್ಟ ತರಬೇತಿಗಿಂತ ಪಾಳಿ, ಹೊರೆ, ಕೆಲಸದ ರೀತಿಯನ್ನು ಸಂಸ್ಥೆಯೇ ಬದಲಿಸಿದಾಗ ಹೆಚ್ಚು ಪರಿಣಾಮ ಕಂಡಿತು. ಈ ಉತ್ತರವನ್ನು ಓದುವ ಮುಖ್ಯಸ್ಥರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಮನಸ್ಸಿಗೆ ಹಾಕಿಕೊಳ್ಳಿ: ಶಿಬಿರ ಏರ್ಪಡಿಸುವುದು ಸುಲಭ, ಕೆಲಸವನ್ನು ಸಮನಾಗಿ ಹಂಚುವುದು ಕಷ್ಟ. ನಿಮ್ಮ ಸಿಬ್ಬಂದಿಗೆ ಬೇಕಿರುವುದು ಎರಡನೆಯದು.

ಎಷ್ಟು ದಿನ ಹಿಡಿಯುತ್ತದೆ? ಬೇಗ ಎಚ್ಚೆತ್ತವರಿಗೆ ಕೆಲವು ತಿಂಗಳು ಸಾಕಾಗಬಹುದು. ತೀವ್ರವಾದಾಗ ವರ್ಷ ದಾಟುವುದೂ ಉಂಟು. ಸ್ವೀಡನ್‌ನಲ್ಲಿ ಇಂಥ ತೀವ್ರ ಬಳಲಿಕೆಗೆ 2005ರಿಂದ ಪ್ರತ್ಯೇಕ ವೈದ್ಯಕೀಯ ರೋಗನಿರ್ಣಯವೇ ಇದೆ. ಮೈ ಹಗುರಾದ ಮೇಲೂ ಮರೆವು, ಏಕಾಗ್ರತೆಯ ತೊಂದರೆ ಬಹಳ ಕಾಲ ಉಳಿಯಬಹುದು. ಮಕ್ಕಳ ಹೆಸರು ಮರೆತುಹೋಗುತ್ತಿದೆ ಎಂದು ಗಾಬರಿಯಾಗಿದ್ದೀರಿ. ಅದನ್ನು ವೈದ್ಯರಿಗೆ ಹೇಳಿ, ಆದರೆ ಬುದ್ಧಿಯೇ ಮಂಕಾಯಿತೆಂದು ಹೆದರಬೇಡಿ. ಒಂದು ಒಳ್ಳೆಯ ವಾರ ಬಂದ ಕೂಡಲೇ ಬಿಟ್ಟ ಕೆಲಸಗಳನ್ನೆಲ್ಲ ಮತ್ತೆ ಮೈಮೇಲೆ ಹಾಕಿಕೊಳ್ಳುವುದೇ ಹೆಚ್ಚು ಅಪಾಯ.

ರಾಜೀನಾಮೆಯ ಬಗ್ಗೆ. ಈ ತಿಂಗಳು ಬೇಡ. ಇಷ್ಟು ದಣಿದಾಗ ಮನಸ್ಸಿಗೆ ಇರುವುದು ಎರಡೇ ದಾರಿ ಎನ್ನಿಸುತ್ತದೆ, ಸಹಿಸುವುದು ಅಥವಾ ಓಡಿಹೋಗುವುದು. ಮೊದಲು ವೈದ್ಯರನ್ನು ಕಂಡು, ಕೋರಿಕೆ ಮುಂದಿಟ್ಟು, ಒಂದು ಅವಧಿಯ ಮಟ್ಟಿಗೆ ಕಾದು ನೋಡಿ. ಕೋರಿಕೆಗೆ ಕಿವಿಗೊಡದಿದ್ದರೆ, ಅಥವಾ ಕೇಳಿದ್ದಕ್ಕೇ ನಿಮ್ಮನ್ನು ಇನ್ನಷ್ಟು ಹಿಂಡಿದರೆ, ಆಗ ಹೊರಬರುವುದು ಸೋಲಲ್ಲ. ಬಿಡುವುದಾದರೆ ಮನೆಯ ಖರ್ಚಿನ ಲೆಕ್ಕವನ್ನು ಯಜಮಾನರ ಜೊತೆ ಕೂತು ಮಾಡಿ. ಅವರನ್ನು ಒಪ್ಪಿಸಲು ನಿಮ್ಮ ನೋಟ್‌ಬುಕ್ಕಿನ ಎರಡು ವಾರದ ಪುಟಗಳು ನಿಮ್ಮ ಮಾತಿಗಿಂತ ಹೆಚ್ಚು ನೆರವಾಗುತ್ತವೆ. ಹಳೆಯ ಶಾಲೆ ಬಿಟ್ಟ ಮರುದಿನವೇ ಹೊಸದಕ್ಕೆ ಸೇರಬೇಡಿ, ನಡುವೆ ಕೈಲಾದಷ್ಟು ಬಿಡುವು ಇಟ್ಟುಕೊಳ್ಳಿ. ಹೊಸ ಶಾಲೆಯ ಸಂದರ್ಶನದಲ್ಲಿ ಸಂಬಳದ ಮಾತು ಮುಗಿದ ಮೇಲೆ ಮೂರು ವಿಷಯ ಕೇಳಿ: ಗೈರಾದವರ ಪೀರಿಯಡ್ ಹೇಗೆ ಹಂಚುತ್ತೀರಿ, ದಾಖಲೆ ಕೆಲಸಕ್ಕೆ ಬೇರೆ ಸಿಬ್ಬಂದಿ ಇದ್ದಾರೆಯೇ, ಸಂಜೆಯ ಮೇಲೆ ಫೋನ್ ಬರುತ್ತದೆಯೇ. ಉತ್ತರವನ್ನು ಅಲ್ಲಿ ಆಗಲೇ ಕೆಲಸ ಮಾಡುತ್ತಿರುವ ಒಬ್ಬರಿಂದಲೂ ಕೇಳಿ ತಿಳಿದುಕೊಳ್ಳಿ.

ಸಂಪಾದಕರು