ಡಂಪರ್ ಮಾಡೆಲನ್ನು ಬಾಕ್ಸ್‌ನಲ್ಲೇ ಇಟ್ಟರೆ ಮುಂದೆ ಬೆಲೆ ಜಾಸ್ತಿ ಆಗುತ್ತಾ?

1:50 ಅಳತೆಯ, ಅಂದರೆ ನಿಜವಾದ ಗಾಡಿಯ ಐವತ್ತನೇ ಒಂದು ಪಾಲು ಉದ್ದದ ಡಂಪರ್ ಮಾಡೆಲ್ ತಗೊಂಡಿದ್ದೀರಿ, ಬಾಕ್ಸ್ ಸಮೇತ ಬೀರುವಿನಲ್ಲಿ ಇಟ್ಟುಬಿಡಲಾ ಅಂತ ಕೇಳಿದ್ದೀರಿ. ಓದಿದಾಗ ಹೊಟ್ಟೆ ಚುರುಕ್ ಅಂದಿತು. ನಾನು ಮಾಡಿದ್ದೂ ಅದೇ.

ಅಪ್ಪ ಕುದುರೆಮುಖದ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. 2005ರ ಕೊನೆಗೆ ಅಲ್ಲಿ ಅದಿರು ತೆಗೆಯುವುದು ನಿಂತಿತು, ನಾವು ಕಳಸದ ಹತ್ತಿರ ಬಂದು ನೆಲೆಸಿದೆವು. ಅವರು ಓಡಿಸಿದ ಗಾಡಿಯ ಮಾಡೆಲ್ ಹುಡುಕಿ ಹುಡುಕಿ ಸುಸ್ತಾದೆ, ಸಿಗಲಿಲ್ಲ. ಕೊನೆಗೆ ನಾರ್ಸ್ಕಾಟ್ ಅನ್ನುವ ಮಾಡೆಲ್ ಕಂಪನಿಯವರ ಕ್ಯಾಟರ್‌ಪಿಲ್ಲರ್ (ಕ್ಯಾಟ್) 797ಎಫ್ ಡಂಪರ್ ತರಿಸಿದೆ. ಜರ್ಮನಿಯಲ್ಲಿದ್ದ ಭಾವ ಊರಿಗೆ ಬರುವಾಗ ಸೂಟ್‌ಕೇಸ್‌ನಲ್ಲಿ, ಬಟ್ಟೆಯ ಮಧ್ಯೆ ಇಟ್ಟು ತಂದರು. ನಿಜವಾದ ಗಾಡಿ 363 ಟನ್ ಹೊರುತ್ತದೆ. ಇದು ಒಂದಡಿ ಉದ್ದ. ಮೆಟ್ಟಿಲಿನ ರೇಲಿಂಗ್ ಸೂಜಿಗಿಂತ ಸ್ವಲ್ಪ ದಪ್ಪ, ಅಷ್ಟೇ.

"ಬಾಡಿ ಎತ್ತಿ ನೋಡ್ಲಾ ಮಾರಾಯಾ?" ಅಂದರು ಅಪ್ಪ. "ಬೇಡಪ್ಪಾ, ಕೈ ಜಿಡ್ಡು ಹತ್ತುತ್ತೆ, ಆಮೇಲೆ ರೇಟ್ ಸಿಗಲ್ಲ" ಅಂದೆ. ಅವರು ಕೈ ಹಿಂದಕ್ಕೆ ತಗೊಂಡರು. ಡಂಪರ್ ವಾಪಸ್ ಬಾಕ್ಸ್ ಸೇರಿತು.

ಈಗ ನನ್ನ ತಪ್ಪು. ಇದನ್ನು ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಕಡೆ ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಗಾಡಿಗೆ ತುಕ್ಕು ಹಿಡಿದರೆ ಅಂತ ಹೆದರಿದೆ. ಅಮ್ಮ ಸೀರೆ ಮಧ್ಯೆ ಇಡುವ ನುಸಿಗುಳಿಗೆ ನಾಲ್ಕು ತಂದು ಬಾಕ್ಸ್ ಒಳಗೆ ಹಾಕಿ, ಸುತ್ತ ಟೇಪ್ ಹೊಡೆದೆ. ಬುದ್ಧಿವಂತ!

ಮೊದಲನೆಯದಾಗಿ, ನುಸಿಗುಳಿಗೆ ಇರೋದು ಹುಳ ಓಡಿಸೋಕೆ. ತೇವ ಹೀರೋಕಲ್ಲ. ಇನ್ನು ಇಂಥ ಮಾಡೆಲ್‌ಗಳ ಲೋಹ ಸತುವಿನ ಮಿಶ್ರಣ, ಅದು ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದೇ ಇಲ್ಲ. ಹಿಡಿದರೆ ಸ್ಕ್ರೂಗೆ, ಪಿನ್ನಿಗೆ. ಅಂದರೆ ಇಲ್ಲದ ಕಾಯಿಲೆಗೆ ನಾನು ಕೊಟ್ಟದ್ದು ಸಂಬಂಧವಿಲ್ಲದ ಔಷಧಿ. ಅಷ್ಟಕ್ಕೇ ಮುಗಿದಿದ್ದರೆ ನಷ್ಟವಿರಲಿಲ್ಲ. ಆದರೆ ಬಾಕ್ಸ್ ಒಳಗೆ ಗಾಡಿಯನ್ನು ಹಿಡಿದಿದ್ದದ್ದು ಥರ್ಮಾಕೋಲ್. ಥರ್ಮಾಕೋಲ್ ಅಂದರೆ ಉಬ್ಬಿಸಿದ ಪಾಲಿಸ್ಟೈರೀನ್, ಅದನ್ನು ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕರಗಿಸುತ್ತದೆ. ಗುಳಿಗೆ ಮೆಲ್ಲಗೆ ಆವಿಯಾಗುತ್ತಾ ಹೋಗಿದೆ. ಟೇಪ್ ಹೊಡೆದಿದ್ದೆನಲ್ಲ, ಆವಿಗೆ ಹೊರಗೆ ಹೋಗಲು ದಾರಿಯೂ ಇರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಮಾರೋಣ ಅಂತ ಫೋಟೊ ತೆಗೆಯಲು ಬಿಚ್ಚಿದೆ. ಗುಳಿಗೆ ಇದ್ದ ಕಡೆ ಥರ್ಮಾಕೋಲ್ ಗುಳಿ ಬಿದ್ದು, ಜೋನಿ ಬೆಲ್ಲದ ಹಾಗೆ ಇಳಿದು, ರೇಲಿಂಗ್‌ಗೂ ಹಳದಿ ಬಣ್ಣಕ್ಕೂ ಕಚ್ಚಿಕೊಂಡಿತ್ತು. ಉಗುರಲ್ಲಿ ಎಬ್ಬಿಸಲು ಹೋದೆ, ರೇಲಿಂಗ್ ಕಿತ್ತು ಕೈಗೆ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಥಿನ್ನರ್ ತಂದೆ. ಅಂಟಿನ ಜೊತೆ ಬಣ್ಣವೂ ಹತ್ತಿಗೆ ಬಂತು.

ಹಾಗಾಗಿ ಬೆಲೆ ಏರುತ್ತಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನಾರ್ಸ್ಕಾಟ್ ಆದ ಮೇಲೆ ಕ್ಯಾಟ್ ಮಾಡೆಲ್‌ಗಳ ಲೈಸೆನ್ಸ್ ಡೈಕಾಸ್ಟ್ ಮಾಸ್ಟರ್ಸ್ ಅನ್ನುವ ಇನ್ನೊಂದು ಕಂಪನಿಗೆ ಹೋಯಿತು, ಅವರೂ 797ಎಫ್ ತಂದರು. ನಿಮ್ಮ ಬಾಕ್ಸ್ ಬೀರುವಿನಲ್ಲಿ ಅಪರೂಪದ್ದಾಗುತ್ತಾ ಕೂತಿರುತ್ತೆ ಅಂದುಕೊಂಡಿರುತ್ತೀರಿ, ಅಷ್ಟರಲ್ಲಿ ಹೊಸದು ಬಂದಿರುತ್ತೆ. ಮೇಲಿಂದ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನೀವು ಕಟ್ಟಿದ ಆ ಸುಂಕವನ್ನು ಹೊರದೇಶದ ಗಿರಾಕಿ ಯಾಕೆ ಕೊಡ್ತಾನೆ? ದುಡ್ಡು ಬೆಳೀಬೇಕಾದ್ರೆ ಪೋಸ್ಟಾಫೀಸಿನಲ್ಲಿ ಆರ್‌ಡಿ ಮಾಡಿ.

ಡಂಪರ್ ಹೊರಗೆ ತೆಗೆಯಿರಿ. ಗಾಜಿನ ಬಾಗಿಲಿನ ಶೆಲ್ಫ್ ಸಾಕು, ಬಿಸಿಲು ಮಾತ್ರ ನೇರ ಬೀಳಬಾರದು. ಟೈರ್ ಕೆಳಗೆ ಗಾಜೋ ಟೈಲ್ ತುಂಡೋ ಇಡಿ, ಬಣ್ಣ ಹೊಡೆದ ಹಲಗೆಗೆ ರಬ್ಬರ್ ಕಚ್ಚಿ ಕಲೆ ಮಾಡುತ್ತದೆ. ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ. ಎತ್ತುವಾಗ ಚಾಸಿ ಹಿಡಿದು ಎತ್ತಿ, ಕನ್ನಡಿಯನ್ನಲ್ಲ. ಖಾಲಿ ಬಾಕ್ಸ್ ಅಟ್ಟಕ್ಕೆ ಹಾಕಿ.

ನಮ್ಮದು ಈಗ ಟಿವಿ ಪಕ್ಕ ಇದೆ. ಅಪ್ಪ ದಿನಾ ಒಂದು ಸಲವಾದರೂ ಬಾಡಿ ಎತ್ತಿ ಇಳಿಸುತ್ತಾರೆ. ನೆಂಟರು ಬಂದರೆ ಕಿರುಬೆರಳಿನ ಎರಡು ಗೆಣ್ಣು ಟೈರ್ ಪಕ್ಕ ಇಟ್ಟು, "ಡ್ರೈವರ್ ನಿಂತ್ರೆ ಇಷ್ಟೇ ಎತ್ತರ" ಅಂತ ತೋರಿಸುತ್ತಾರೆ. ರೇಲಿಂಗ್ ಏನಾಯ್ತು ಅಂತ ಯಾರಾದರೂ ಕೇಳಿದರೆ, ನನ್ನ ಕಡೆ ನೋಡದೆ, "ಲೋಡ್ ಮಾಡುವಾಗ ಶಾವೆಲ್‌ನವನು ತಾಗಿಸಿದ" ಅನ್ನುತ್ತಾರೆ.