ಪುಷ್ಯರಾಗವನ್ನು ನೀರಲ್ಲಿ ತೂಗಿ ನೋಡಿ

ಪ್ರಶ್ನೆ: ಕನಕ ಪುಷ್ಯರಾಗವೆಂದು ಕೊಂಡ 5.25 ಕ್ಯಾರೆಟ್‌ನ ಬಿಡಿ ಹರಳಿದೆ. ನೋಡಿದವರೊಬ್ಬರು ‘ಇದು ಬರೀ ಸುನೆಹ್ಲಾ’ ಅಂದರು. ಮನೆಯಲ್ಲೇ ತಿಳಿಯಬಹುದೆ?

ಉತ್ತರ: ತಿಳಿಯಬಹುದು, ಹರಳಿಗೆ ಗೀರೂ ಬೀಳದು. ಪುಷ್ಯರಾಗ ಎಂಬ ಹೆಸರಿನಲ್ಲಿ ಹಳದಿ ಸಫೈರ್ (ಕನಕ ಪುಷ್ಯರಾಗವೆಂದರೆ ಇದೇ; ಸಾಂದ್ರತೆ 4.00), ಟೋಪಾಜ್ (3.53), ಸುನೆಹ್ಲಾ ಅಥವಾ ಸಿಟ್ರಿನ್ (2.65) ಮೂರನ್ನೂ ಮಾರುವುದುಂಟು. ಕಣ್ಣಿಗೆ ಮೂರೂ ಹಳದಿಯೇ. ನೀರಿಗೆ ಮಾತ್ರ ಬೇರೆ ಬೇರೆ.

0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ನಿಮ್ಮ ಹರಳು 1.05 ಗ್ರಾಂ ತೂಗಬೇಕು. ಕುದಿಸಿ ಆರಿಸಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಬೆರೆಸಿ, ಪುಟ್ಟ ಲೋಟದಲ್ಲಿ ತಕ್ಕಡಿಯ ಮೇಲಿಡಿ. ತೆಳು ನೈಲಾನ್ ಎಳೆಯನ್ನು ಪಕ್ಕದ ಆಸರೆಗೆ ಕಟ್ಟಿ ತುದಿಯನ್ನು ನೀರಿಗಿಳಿಸಿ ಸೊನ್ನೆಗೆ ತನ್ನಿ. ಆಮೇಲೆ ಅದೇ ಎಳೆಗೆ ಹರಳು ಕಟ್ಟಿ, ಪೂರ್ತಿ ಮುಳುಗುವಂತೆ ತೂಗುಬಿಡಿ. ಈಗ ಕಾಣುವುದು ಹರಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. 1.05ನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ತಕ್ಕಡಿಯಲ್ಲಿ 0.26 ಬಂದರೆ ಸಫೈರ್, 0.30 ಟೋಪಾಜ್, 0.40 ಸುನೆಹ್ಲಾ. 0.18ರ ಆಸುಪಾಸಾದರೆ ಹಳದಿ ಜಿರ್ಕೋನಿಯಾ ಎಂಬ ಕೃತಕ ಹರಳಿದ್ದೀತು.

ಹರಳು ತಳಕ್ಕೆ ತಾಗಿದರೆ ಅದರ ಭಾರವೂ ತಕ್ಕಡಿಗೆ ಬಿದ್ದು ಲೆಕ್ಕ ಕೆಡುತ್ತದೆ. ಅಂಟಿದ ಗಾಳಿಗುಳ್ಳೆಯೂ ಸಾಂದ್ರತೆಯನ್ನು ಕಡಿಮೆ ತೋರಿಸುತ್ತದೆ. ಮೆತ್ತನೆಯ ಕುಂಚದಿಂದ ಸವರಿ ತೆಗೆಯಿರಿ. ಹತ್ತಿ ದಾರ ನೀರು ಹೀರುತ್ತದೆ, ಬೇಡ. ಮೂರು ಸಲ ತೂಗಿ ಸರಾಸರಿ ಹಿಡಿಯಿರಿ. ಒಂದು ಕ್ಯಾರೆಟ್‌ನ ಹರಳಿಗೆ ಈ ತಕ್ಕಡಿ ಪ್ರಯೋಜನವಿಲ್ಲ: ಸಫೈರ್ 0.05, ಟೋಪಾಜ್ 0.06, ಅಷ್ಟೇ ಅಂತರ.

4.00 ಬಂದಾಕ್ಷಣ ಹಿಗ್ಗಬೇಡಿ. ಕಾರ್ಖಾನೆಯ ಸಫೈರ್‌ನದ್ದೂ 4.00 ತಾನೆ! ಸೀಸದ ಗಾಜೂ ಕೆಲವೊಮ್ಮೆ ಅಲ್ಲಿಗೆ ಮುಟ್ಟುತ್ತದೆ. ಲೂಪ್‌ನಲ್ಲಿ (ಹರಳು ನೋಡುವ ಪುಟ್ಟ ಭೂತಗನ್ನಡಿ) ಬಾಗಿದ ಗೆರೆ ಅಥವಾ ದುಂಡು ಗುಳ್ಳೆ ಕಂಡರೆ ಅನುಮಾನಿಸಿ, ಪ್ರಯೋಗಾಲಯಕ್ಕೆ ಕೊಡಿ.

ಪ್ರಶ್ನೆ: ಬಿಡಿ ವಜ್ರ ಮತ್ತು ಅಮೆರಿಕನ್ ಡೈಮಂಡನ್ನು ತೂಕದಿಂದ ಗುರುತಿಸಬಹುದೆ?

ಉತ್ತರ: ನೀರೂ ಬೇಡ. 6.5 ಮಿ.ಮೀ. ಅಗಲದ ದುಂಡು ಬ್ರಿಲಿಯಂಟ್ ವಜ್ರ ಸುಮಾರು 1 ಕ್ಯಾರೆಟ್ ತೂಗುತ್ತದೆ. ಅದೇ ಅಳತೆಯ ಅಮೆರಿಕನ್ ಡೈಮಂಡ್, ಅಂದರೆ ಜಿರ್ಕೋನಿಯಾ, ಸುಮಾರು 1.65. ವಜ್ರದಂತೆ ಕಾಣುವ ಇನ್ನೊಂದು ಕೃತಕ ಹರಳಾದ ಮಾಯ್ಸನೈಟ್ ಮಾತ್ರ ಸತಾಯಿಸುತ್ತದೆ: ಸುಮಾರು 0.9. ಕಟಿಂಗ್ ತುಸು ದಪ್ಪವಾಗಿದ್ದರೂ ಆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಅದಕ್ಕೆ 10 ಪಟ್ಟಿನ ಲೂಪ್ ಹಿಡಿದು ಹರಳನ್ನು ಓರೆಯಾಗಿಸಿ ಒಳಗೆ ನೋಡಿ. ಹಿಂಬದಿಯ ಅಂಚುಗಳು ಜೋಡಿಯಾಗಿ ಕಂಡರೆ ಅದು ವಜ್ರವಲ್ಲ.